ಅಲೆಕ್ಸಾಂಡ್ರಿಯದ ಅಥನಾಸಿಯಸ್

ಸಂಧಿಸಮಾಸಗಳನ್ನು ಬೋಧಿಸುತ್ತ ಹಲವು ವರ್ಷಗಳನ್ನು ಕಳೆದಿರುವ ನನಗೆ ಒಂದು ಅಕ್ಷರದ ಬೆಲೆ ಎಷ್ಟೆಂಬುದು ಹೊಸ ಸಂಗತಿಯಲ್ಲ. ಛಾಂದೋಗ್ಯೋಪನಿಷತ್ತಿನ ಪ್ರಸಿದ್ಧ ಮಹಾವಾಕ್ಯದಲ್ಲಿ, ಸವರ್ಣದೀರ್ಘಸಂಧಿಯ ಮರೆಯಲ್ಲಿ ಒಂದು ಅಕಾರ ಅಡಗಿದೆಯೆಂದು ಮಧ್ವಾಚಾರ್ಯರು ಪದಚ್ಛೇದ ಮಾಡಿದರು. ಅಷ್ಟರಿಂದಲೇ ಅಭೇದವನ್ನು ಸಾರುತ್ತಿದ್ದ ಮಾತು ಭೇದವನ್ನು ಸಾರತೊಡಗಿತು. ಆದುದರಿಂದ, ನಾಲ್ಕನೆಯ ಶತಮಾನದ ಕ್ರೈಸ್ತ ಜಗತ್ತು ಒಂದು ಅಕ್ಷರಕ್ಕಾಗಿ ಹೊಡೆದಾಡಿತೆಂದು ಇತಿಹಾಸಕಾರ ಗಿಬ್ಬನ್ ಪರಿಹಾಸ ಮಾಡಿದ್ದನ್ನು ಓದಿದಾಗ ನನಗೆ ನಗು ಬರಲಿಲ್ಲ. ಆ ಅಕ್ಷರ ಯಾವುದು, ಅದನ್ನು ಕಾದವನು ಯಾರು ಎಂಬ ಕುತೂಹಲ ಹುಟ್ಟಿತು. ವಿಚಿತ್ರವೆಂದರೆ, ಚರ್ಚಿನ ಬಗೆಗೆ ಮಮತೆಯಿಲ್ಲದ ಅದೇ ಗಿಬ್ಬನ್ ಆ ಕಾವಲುಗಾರನನ್ನು ಮಾತ್ರ, ಕಾನ್‌ಸ್ಟಂಟೈನ್ ಚಕ್ರವರ್ತಿಯ ಮಕ್ಕಳಿಗಿಂತ ಸಾಮ್ರಾಜ್ಯವನ್ನಾಳಲು ಯೋಗ್ಯನಾಗಿದ್ದವನೆಂದು ಹೊಗಳಿದ್ದಾನೆ. ಅವನೇ ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸ್.

ಈಜಿಪ್ಟಿನ ಅಲೆಕ್ಸಾಂಡ್ರಿಯ ಆಗ ವಿದ್ಯೆಗೂ ವ್ಯಾಪಾರಕ್ಕೂ ದೊಂಬಿಗೂ ಹೆಸರಾದ ರೇವುಪಟ್ಟಣ. ಅಥನಾಸಿಯಸ್ ಹುಟ್ಟಿದ್ದು ಸುಮಾರು 298ರಲ್ಲಿ. ರೋಮನ್ ಪ್ರಭುತ್ವವು ಕ್ರೈಸ್ತರನ್ನು ಕೊನೆಯ ಸಲ ಉಗ್ರವಾಗಿ ಹಿಂಸಿಸಿದ ಕಾಲದಲ್ಲಿ ಅವನ ಬಾಲ್ಯ ಕಳೆಯಿತು. ಅವನು ಯುವಕನಾಗುವಷ್ಟರಲ್ಲಿ ಚಕ್ರವರ್ತಿಯೇ ಚರ್ಚಿನ ಪೋಷಕನಾಗಿದ್ದನು. ಹೊರಗಿನ ಕತ್ತಿ ಒರೆಗೆ ಸೇರಿದೊಡನೆ ಒಳಗಿನ ಪ್ರಶ್ನೆಗಳು ತಲೆಯೆತ್ತಿದವು.

ಪ್ರಶ್ನೆಯನ್ನೆತ್ತಿದವನು ಅದೇ ನಗರದ ಪಾದ್ರಿ ಏರಿಯಸ್. ವಯೋವೃದ್ಧ, ವಿರಕ್ತ, ಮಾತಿನಲ್ಲಿ ನಯವಂತ. ದೇವರು ಒಬ್ಬನೇ, ಅವನೊಬ್ಬನೇ ಅನಾದಿ. ಪುತ್ರನೆನಿಸಿದ ಕ್ರಿಸ್ತನು ಸೃಷ್ಟಿಯಲ್ಲೆಲ್ಲ ಮೊದಲನೆಯವನು, ಶ್ರೇಷ್ಠನು, ಆದರೂ ಸೃಷ್ಟನೇ ಎಂದು ಅವನು ಸುಮಾರು 318ರಿಂದ ಬೋಧಿಸಿದನು. ನಾವಿಕರೂ ಹಿಟ್ಟು ಬೀಸುವವರೂ ದಾರಿಹೋಕರೂ ಹಾಡಿಕೊಳ್ಳುವಂತೆ ಅದನ್ನು ಪದ್ಯಗಳಲ್ಲಿ ಕಟ್ಟಿದನೆಂದು ಹೇಳುತ್ತಾರೆ. ಸುಳ್ಳುಬೋಧೆಯು ಸುಳ್ಳುಬೋಧೆಯೆಂದು ಹಣೆಪಟ್ಟಿ ಕಟ್ಟಿಕೊಂಡು ಬರುವುದಿಲ್ಲ. ಇಲ್ಲಿ ಅದು ದೇವರ ಏಕತ್ವವನ್ನು ಕಾಪಾಡುವ ಶ್ರದ್ಧೆಯಿಂದಲೇ, ಅದೇ ಬೈಬಲ್ಲಿನ ವಾಕ್ಯಗಳನ್ನು ಹಿಡಿದುಕೊಂಡೇ ಬಂದಿತು. ಏರಿಯಸನ ಬರಹಗಳು ಬಹುಮಟ್ಟಿಗೆ ಅವನ ವಿರೋಧಿಗಳ ಖಂಡನಗ್ರಂಥಗಳ ಮೂಲಕವೇ ನಮಗೆ ಉಳಿದು ಬಂದಿವೆ ಎಂಬುದನ್ನೂ ವಾಚಕರು ನೆನಪಿನಲ್ಲಿಡಬೇಕು.

325ರಲ್ಲಿ ಕಾನ್‌ಸ್ಟಂಟೈನನು ನಿಕೇಯ ಪಟ್ಟಣದಲ್ಲಿ ಮಹಾಸಭೆಯನ್ನು ಕರೆದನು. ಸುಮಾರು ಮುನ್ನೂರು ಮಂದಿ ಬಿಷಪ್ಪರು ಸೇರಿದರು. ಅಥನಾಸಿಯಸನು ತನ್ನ ಬಿಷಪ್ ಅಲೆಕ್ಸಾಂಡರನ ಜೊತೆಗೆ ಹೋದ ಕಿರಿಯ ಪರಿಚಾರಕ ಮಾತ್ರ. ಅಲ್ಲಿ ನಡೆದುದನ್ನು ಅವನು ಮುಂದೆ ವಿವರಿಸಿದ್ದಾನೆ. ಭಾಷೆಯ ವಿದ್ಯಾರ್ಥಿಗಳೆಲ್ಲರೂ ಓದಬೇಕಾದ ಭಾಗವದು. ಹಿರಿಯರು ಮೊದಲು ಧರ್ಮಗ್ರಂಥದ ಮಾತುಗಳಿಂದಲೇ ಗಡಿಯನ್ನು ಗುರುತಿಸಬಯಸಿದರು. ಪುತ್ರನು ದೇವರಿಂದ ಬಂದವನು ಎಂದರೆ ಎದುರು ಪಕ್ಷದವರು ಸಂತೋಷದಿಂದ ಒಪ್ಪಿದರು. ಎಲ್ಲವೂ ದೇವರಿಂದಲೇ ಬಂದದ್ದಲ್ಲವೆ! ಪುತ್ರನು ದೇವರ ಶಕ್ತಿ ಎಂದರೆ ಅದಕ್ಕೂ ಒಪ್ಪಿಗೆ. ಗ್ರಂಥದಲ್ಲಿ ಮಿಡಿತೆಯ ದಂಡಿಗೂ ಆ ಹೆಸರುಂಟು. ಹೀಗೆ ಪ್ರತಿಯೊಂದು ಮಾತಿಗೂ ಅವರು ಪರಸ್ಪರ ಕಣ್ಣುಸನ್ನೆ ಮಾಡಿಕೊಂಡು ತಮ್ಮ ಅರ್ಥವನ್ನು ತುಂಬಿಕೊಳ್ಳುತ್ತಿದ್ದರಂತೆ. ಕಟ್ಟಕಡೆಗೆ ಸಭೆಯು ಗ್ರಂಥದಲ್ಲಿಲ್ಲದ ‘ಹೊಮೊ-ಊಸಿಯೊಸ್’ ಎಂಬ ಗ್ರೀಕ್ ಪದವನ್ನು ಕೈಗೆತ್ತಿಕೊಂಡಿತು. ತಂದೆಯದೂ ಪುತ್ರನದೂ ಒಂದೇ ತತ್ತ್ವ ಎಂದು ಅದರ ಅರ್ಥ. ಈ ಒಂದು ಪದವನ್ನು ಮಾತ್ರ ಏರಿಯಸನು ಬಾಗಿಸಲಾರದೆ ಹೋದನು. ಗ್ರಂಥದ ಅರ್ಥವನ್ನು ಕಾಪಾಡಲು ಗ್ರಂಥದ ಹೊರಗಿನ ಪದವೊಂದು ಬೇಕಾಯಿತೆಂಬುದು ಎಂಥ ಸೋಜಿಗ!

ಗಿಬ್ಬನ್ನನು ನಕ್ಕ ಆ ಅಕ್ಷರ ನಿಕೇಯದ್ದಲ್ಲ. ‘ಹೊಮೊ’ ಎಂಬಲ್ಲಿ ಐಯೋಟ ಎಂಬ ಗ್ರೀಕ್ ಇಕಾರವನ್ನು ಸೇರಿಸಿ ‘ಹೊಮೊಯ್’ ಎಂದರೆ, ಒಂದೇ ತತ್ತ್ವವೆಂಬುದು ಸದೃಶವಾದ ತತ್ತ್ವವಾಗುತ್ತದೆ. ಈ ವಿವಾದ ಬೆಳೆದದ್ದು ಮೂವತ್ತು ವರ್ಷಗಳ ಅನಂತರ.

328ರಲ್ಲಿ ಅಥನಾಸಿಯಸ್ ಬಿಷಪ್ಪನಾದನು. ಮೂವತ್ತರ ಆಸುಪಾಸಿನ ವಯಸ್ಸು. ಸ್ವಲ್ಪ ಕಾಲದಲ್ಲಿಯೇ ಚಕ್ರವರ್ತಿಗೆ ಸಿದ್ಧಾಂತಕ್ಕಿಂತ ಶಾಂತಿ ಮುಖ್ಯವಾಗಿ ಕಂಡಿತು. ಏರಿಯಸನನ್ನು ಸಭೆಗೆ ಮರಳಿ ಸೇರಿಸಿಕೊಳ್ಳಬೇಕೆಂದು ಆಜ್ಞೆ ಬಂದಿತು. ಅಥನಾಸಿಯಸ್ ಒಪ್ಪಲಿಲ್ಲ. ಆಗ ಅವನ ಮೇಲೆ ಆಪಾದನೆಗಳ ಮಳೆ ಸುರಿಯಿತು. ಮೆಲೀಷಿಯನ್ ಪಂಗಡದ ಆರ್ಸೀನಿಯಸ್ ಎಂಬ ಬಿಷಪ್ಪನನ್ನು ಕೊಲ್ಲಿಸಿ, ಅವನ ಕೈಯನ್ನು ಕತ್ತರಿಸಿ ಮಾಟಕ್ಕೆ ಬಳಸಿದನೆಂಬುದು ಅವುಗಳಲ್ಲೊಂದು. 335ರಲ್ಲಿ ಟೈರ್ ಪಟ್ಟಣದಲ್ಲಿ ವಿಚಾರಣೆ ನಡೆದಾಗ, ಸತ್ತನೆನ್ನಲಾದ ಆರ್ಸೀನಿಯಸನನ್ನೇ ಮುಸುಕು ಹಾಕಿಸಿ ಕರೆತಂದು, ಮೊದಲು ಒಂದು ಕೈಯನ್ನು, ಅನಂತರ ಇನ್ನೊಂದನ್ನು ತೋರಿಸಿದನೆಂದು ಪ್ರಾಚೀನ ಚರಿತ್ರಕಾರರು ಬರೆದಿದ್ದಾರೆ. ಎಲ್ಲ ಆಪಾದನೆಗಳೂ ಇಷ್ಟು ಸುಲಭವಾಗಿ ಹಾರಿಹೋಗುವಂಥವಲ್ಲ. ಈಜಿಪ್ಟಿನ ಮರಳಿನಲ್ಲಿ ಸಿಕ್ಕಿ 1924ರಲ್ಲಿ ಅಚ್ಚಾದ ಪಪೈರಸ್ ಪತ್ರವೊಂದು, ಅವನ ಪಕ್ಷದವರು ಸೈನಿಕರೊಡನೆ ಬಂದು ಮೆಲೀಷಿಯನ್ನರನ್ನು ಥಳಿಸಿದ ಸಂಗತಿಯನ್ನು ಹೇಳುತ್ತದೆ. ಸತ್ಯದ ಪರವಾಗಿ ನಿಂತವನ ಕೈ ಯಾವಾಗಲೂ ಶುದ್ಧವಾಗಿರುತ್ತದೆಂದು ನಂಬುವವರಿಗೆ ಈ ಪತ್ರ ಇರಿಸುಮುರಿಸು ತರುತ್ತದೆ. ನನಗಾದರೋ ಅವನ ಸಿದ್ಧಾಂತವನ್ನೂ ಅವನ ಗುಂಪಿನ ನಡತೆಯನ್ನೂ ಬೇರೆಬೇರೆಯಾಗಿ ತೂಗುವುದೇ ನ್ಯಾಯವೆಂದು ತೋರುತ್ತದೆ.

ಅಲೆಕ್ಸಾಂಡ್ರಿಯದಿಂದ ರಾಜಧಾನಿಗೆ ಹೋಗುವ ಧಾನ್ಯದ ಹಡಗುಗಳನ್ನು ತಡೆಯುವುದಾಗಿ ಬೆದರಿಸಿದನೆಂಬ ಮಾತು ಕಡೆಗೆ ಚಕ್ರವರ್ತಿಯ ಕಿವಿಗೆ ತಗುಲಿತು. ಅಥನಾಸಿಯಸ್ ದೂರದ ಟ್ರಿಯರ್ ನಗರಕ್ಕೆ ಗಡೀಪಾರಾದನು. 336ರಲ್ಲಿ ಏರಿಯಸ್ ಹಠಾತ್ತನೆ ಸತ್ತನು. ಮರುವರ್ಷ ಕಾನ್‌ಸ್ಟಂಟೈನನೂ ಸತ್ತನು. ಮರಣಶಯ್ಯೆಯಲ್ಲಿ ಅವನಿಗೆ ದೀಕ್ಷಾಸ್ನಾನ ಮಾಡಿಸಿದವನು ಏರಿಯಸನ ಬೆಂಬಲಿಗರ ಮುಂದಾಳು, ನಿಕೋಮೀಡಿಯದ ಯುಸೇಬಿಯಸ್! ನಿಕೇಯದ ಸಭೆಯನ್ನು ಕರೆದ ಚಕ್ರವರ್ತಿಯ ಅಂತ್ಯ ಹೀಗೆ.

339ರಲ್ಲಿ ಎರಡನೆಯ ಸಲ ಹೊರಬಿದ್ದು ರೋಮಿನಲ್ಲಿ ಆಶ್ರಯ ಪಡೆದವನು ಮರಳಿದ್ದು 346ರಲ್ಲಿ. ಆದರೆ ನಿಜವಾದ ಒರೆಗಲ್ಲು ಕಾನ್‌ಸ್ಟಾಂಟಿಯಸನ ಏಕಚ್ಛತ್ರದ ಕಾಲ. ಒಂದಾದಮೇಲೊಂದರಂತೆ ಸಭೆಗಳು ಸೇರಿದವು. ಬೆದರಿಕೆಗೆ ಬಿಷಪ್ಪರು ರುಜುಹಾಕಿದರು. 356ರ ಫೆಬ್ರವರಿಯ ಒಂದು ರಾತ್ರಿ, ಜಾಗರಣೆಯ ಪ್ರಾರ್ಥನೆ ನಡೆಯುತ್ತಿದ್ದ ಚರ್ಚಿಗೆ ಸೈನ್ಯ ನುಗ್ಗಿತು. ಅವನೇ ಹೇಳುವಂತೆ, ಜನರೆಲ್ಲ ಹೊರಡುವವರೆಗೆ ಪೀಠದಿಂದೇಳಲಿಲ್ಲ; ಕಡೆಗೆ ಸಂನ್ಯಾಸಿಗಳು ಎಳೆದುಕೊಂಡು ಹೋದರು. ಮುಂದಿನ ಆರು ವರ್ಷ ಮರುಭೂಮಿಯ ತಪಸ್ವಿಗಳ ನಡುವೆ ಅಜ್ಞಾತವಾಸ. 359ರಲ್ಲಿ ಅರಿಮಿನಮ್ ಪಟ್ಟಣದಲ್ಲಿ ನೆರೆದ ನಾನೂರಕ್ಕೂ ಹೆಚ್ಚು ಬಿಷಪ್ಪರು ಒತ್ತಾಯಕ್ಕೆ ಮಣಿದು ಆ ಪದವನ್ನು ಕೈಬಿಟ್ಟರು. ಸತ್ಯವನ್ನು ತಲೆಗಳನ್ನೆಣಿಸಿ ನಿರ್ಣಯಿಸುವುದಾದರೆ ಆಗ ಅಥನಾಸಿಯಸನು ಸೋತಿದ್ದನು.

ಹಾಗಾದರೆ ಅವನು ಯಾವ ಒರೆಗೆ ಹಚ್ಚಿ ನೋಡುತ್ತಿದ್ದನು? ಗ್ರಂಥದಿಂದ ಬಿಡಿ ವಾಕ್ಯವೊಂದನ್ನು ಕಿತ್ತು ತೋರಿಸುವುದು ಪ್ರಮಾಣವಲ್ಲ, ಇಡೀ ಗ್ರಂಥದ ತಾತ್ಪರ್ಯ ಎತ್ತ ಸಾಗುತ್ತದೆಂದು ನೋಡಬೇಕು ಎಂಬುದೊಂದು. ನಮ್ಮ ಮೀಮಾಂಸಕರಿಗೆ ಪರಿಚಿತವಾದ ಮಾರ್ಗ. ಇನ್ನೊಂದು ಇದಕ್ಕಿಂತ ಸರಳ, ಆದರೆ ಹೆಚ್ಚು ಆಳ. ಏರಿಯಸನ ಕಡೆಯವರೂ ಕ್ರಿಸ್ತನನ್ನು ಆರಾಧಿಸುತ್ತಿದ್ದರು, ಅವನ ಹೆಸರಿನಲ್ಲಿ ದೀಕ್ಷೆ ಕೊಡುತ್ತಿದ್ದರು. ಅವನು ಸೃಷ್ಟಜೀವಿಯಾದರೆ ಆ ಆರಾಧನೆ ಏನಾಯಿತು? ತಾನೇ ಸೃಷ್ಟನಾದವನು ಇತರ ಸೃಷ್ಟಜೀವಿಗಳನ್ನು ದೇವರೊಡನೆ ಹೇಗೆ ಸೇರಿಸಬಲ್ಲನು? ಮುಳುಗುತ್ತಿರುವವನನ್ನು ಮುಳುಗುತ್ತಿರುವ ಇನ್ನೊಬ್ಬನು ಎತ್ತಲಾರನಷ್ಟೆ. ಅಥನಾಸಿಯಸನಿಗೆ ಇದು ತರ್ಕದ ಪ್ರಶ್ನೆಯಾಗಿರಲಿಲ್ಲ, ಮನುಷ್ಯನ ಉದ್ಧಾರದ ಪ್ರಶ್ನೆಯಾಗಿತ್ತು. ನಲವತ್ತೈದು ವರ್ಷಗಳ ಅಧಿಕಾರದಲ್ಲಿ ಸುಮಾರು ಹದಿನೇಳನ್ನು ದೇಶಭ್ರಷ್ಟನಾಗಿ ಕಳೆಯುವ ಬಲ ಅವನಿಗೆ ಬಂದದ್ದು ಇಲ್ಲಿಂದಲೇ ಇರಬೇಕು.

ನಾನು ಅವನನ್ನು ಹೆಚ್ಚು ಮೆಚ್ಚುವುದು ಮಾತ್ರ 362ರ ಒಂದು ಚಿಕ್ಕ ಸಭೆಗಾಗಿ. ಕಾನ್‌ಸ್ಟಾಂಟಿಯಸನ ಮರಣಾನಂತರ ಅಲೆಕ್ಸಾಂಡ್ರಿಯಕ್ಕೆ ಮರಳಿ ಅವನು ಅದನ್ನು ಕರೆದನು. ‘ಹೈಪೋಸ್ಟಸಿಸ್’ ಎಂಬ ಗ್ರೀಕ್ ಪದ ಕೆಲವರಿಗೆ ಮೂಲತತ್ತ್ವವನ್ನೂ ಕೆಲವರಿಗೆ ವ್ಯಕ್ತಿಯನ್ನೂ ಸೂಚಿಸುತ್ತಿತ್ತು. ದೇವರಲ್ಲಿ ಅಂಥದು ಒಂದೇ ಎನ್ನುವವರು, ಮೂರು ಎನ್ನುವವರು ಒಬ್ಬರನ್ನೊಬ್ಬರು ಪಾಷಂಡಿಗಳೆಂದು ಜರೆಯುತ್ತಿದ್ದರು. ಒಂದೇ ಪದಕ್ಕಾಗಿ ಸಾಮ್ರಾಜ್ಯವನ್ನೇ ಎದುರಿಸಿದ್ದ ಈ ಮುದುಕನು, ಇಬ್ಬರನ್ನೂ ಕೂರಿಸಿಕೊಂಡು, ಆ ಪದದಿಂದ ನಿಮ್ಮ ಅಭಿಪ್ರಾಯವೇನೆಂದು ಸಾವಧಾನವಾಗಿ ವಿಚಾರಿಸಿದನು. ಪದ ಬೇರೆಯಾದರೂ ನಂಬಿಕೆ ಒಂದೇ ಎಂದು ಕಂಡುಕೊಂಡು ಇಬ್ಬರನ್ನೂ ಅಂಗೀಕರಿಸಿದನು. ಐಯೋಟ ಸೇರಿಸಿಕೊಂಡಿದ್ದವರಲ್ಲಿಯೂ ಕೆಲವರನ್ನು ಅವನು ಅದಾಗಲೇ ಸೋದರರೆಂದು ಬರೆದಿದ್ದನು.

ಜೂಲಿಯನ್ ಚಕ್ರವರ್ತಿಯು ಅದೇ ವರ್ಷ ಅವನನ್ನು ಮತ್ತೆ ಓಡಿಸಿದನು. 365ರಲ್ಲಿ ವೇಲೆನ್ಸ್ ಚಕ್ರವರ್ತಿಯ ಆಜ್ಞೆಯಿಂದ ಐದನೆಯ ಸಲ. ನೈಲ್ ನದಿಯಲ್ಲಿ ಬೆನ್ನಟ್ಟಿ ಬಂದವರ ಕಡೆಗೇ ದೋಣಿಯನ್ನು ತಿರುಗಿಸಿ, ಅಥನಾಸಿಯಸ್ ಹತ್ತಿರದಲ್ಲೇ ಇದ್ದಾನೆಂದು ಹೇಳಿಸಿ ಪಾರಾದ ಕಥೆ ಜೂಲಿಯನನ ಕಾಲದ್ದು. 367ರ ಈಸ್ಟರ್ ಪತ್ರದಲ್ಲಿ ಅವನು ಪ್ರಮಾಣಗ್ರಂಥಗಳನ್ನು ಪಟ್ಟಿಮಾಡಿದನು. ಹೊಸ ಒಡಂಬಡಿಕೆಯ 27 ಪುಸ್ತಕಗಳು, ಇಂದಿನ ಬೈಬಲ್ಲಿನಲ್ಲಿರುವಷ್ಟೇ, ಹೆಚ್ಚೂ ಇಲ್ಲ, ಕಡಮೆಯೂ ಇಲ್ಲ, ಒಟ್ಟಾಗಿ ಕಾಣಿಸಿಕೊಳ್ಳುವ ಅತ್ಯಂತ ಹಳೆಯ ದಾಖಲೆಗಳಲ್ಲಿ ಅದು ಮುಖ್ಯವಾದುದು. ಅಪೊಸ್ತಲರ ಹೆಸರು ಹೊತ್ತ ಕೃತಕ ಗ್ರಂಥಗಳನ್ನು ದೂರವಿಟ್ಟರೂ, ಪ್ರಮಾಣವಲ್ಲದ ಕೆಲವು ಒಳ್ಳೆಯ ಪುಸ್ತಕಗಳನ್ನು ಹೊಸದಾಗಿ ಕಲಿಯುವವರು ಓದಬಹುದೆಂದು ಅನುಮತಿಸಿದನು.

373ರ ಮೇ ತಿಂಗಳಲ್ಲಿ ಅವನು ತನ್ನ ಊರಿನಲ್ಲಿಯೇ ತೀರಿಕೊಂಡನು. ಅವನ ಉತ್ತರಾಧಿಕಾರಿ ಪೀಟರನನ್ನು ಅಧಿಕಾರಿಗಳು ಬೇಗನೆ ಹೊರದೂಡಿ, ಏರಿಯಸನ ಪಕ್ಷದ ಲೂಸಿಯಸನನ್ನು ಆ ಪೀಠದಲ್ಲಿ ಕೂರಿಸಿದರು. ಪೀಟರನು ತನ್ನ ಗುರುವಿನಂತೆಯೇ ರೋಮಿನ ಹಾದಿ ಹಿಡಿದನು. ಕಾನ್‌ಸ್ಟಾಂಟಿನೋಪಲ್ಲಿನ ಸಭೆ ನಿಕೇಯದ ನಿರ್ಣಯವನ್ನು ಎತ್ತಿಹಿಡಿದದ್ದು 381ರಲ್ಲಿ.