ಬೆಕ್ಕುಗಳ ರಾಫೆಲ್

ಇಟಲಿಯ ಮಹಾಚಿತ್ರಕಾರ ರಾಫೆಲನ ಹೆಸರನ್ನು ನಮ್ಮ ವಿದ್ಯಾರ್ಥಿಗಳು ಕೇಳಿರಬಹುದು. ಆತನು ಗತಿಸಿದ ಸುಮಾರು ಎರಡೂವರೆ ಶತಮಾನಗಳ ತರುವಾಯ ಸ್ವಿಟ್ಜರ್ಲೆಂಡಿನಲ್ಲಿ ಮತ್ತೊಬ್ಬ ರಾಫೆಲನು ಹುಟ್ಟಿದನು. ಈತನಿಗೆ ಲೆಕ್ಕ ಬಾರದು. ಬರೆಹವೆಂದರೆ ತನ್ನ ಹೆಸರನ್ನು ಹೇಗೋ ಮೂಡಿಸುವಷ್ಟು ಮಾತ್ರ. ಆದರೂ ಈತನು ಜಲವರ್ಣದಲ್ಲಿ ಬರೆದ ಬೆಕ್ಕುಗಳನ್ನು ಕಂಡು ಫ್ರಾನ್ಸಿನ ಪ್ರಸಿದ್ಧ ಚಿತ್ರಕಾರ್ತಿ ವಿಜೇ ಲೆಬ್ರೂನ್ ಎಂಬಾಕೆಯು ಬೆಕ್ಕುಗಳ ರಾಫೆಲನೆಂದು ಈತನನ್ನು ಕರೆದಳಂತೆ. ಇಂದಿಗೂ ಕಲೆಯ ಇತಿಹಾಸದಲ್ಲಿ ಆ ಬಿರುದೇ ಈತನಿಗೆ ಉಳಿದಿದೆ.

ಗಾಟ್‌ಫ್ರೀಡ್ ಮಿಂಡನು ೧೭೬೮ರ ಸೆಪ್ಟೆಂಬರ್ ೨೫ರಂದು ಬರ್ನ್ ನಗರದಲ್ಲಿ ಜನಿಸಿದನು. ತಂದೆಯು ಹಂಗೇರಿಯಿಂದ ಬಂದು ನೆಲೆಸಿದ ಬಡಗಿ. ನಗರದ ಸಮೀಪದ ಕಾಗದದ ಕಾರ್ಖಾನೆಯೊಂದರಲ್ಲಿ ಅವನಿಗೆ ಕೆಲಸ. ಮಗುವು ದುರ್ಬಲವಾಗಿದ್ದುದರಿಂದ ಅದನ್ನು ಯಾವ ಕೆಲಸಕ್ಕೂ ಹಚ್ಚದೆ ಅದರ ಪಾಡಿಗೆ ಬಿಟ್ಟಿದ್ದರು. ಕಾರ್ಖಾನೆಯ ಒಡೆಯನ ಮನೆಗೆ ಅತಿಥಿಯಾಗಿ ಬಂದಿದ್ದ ಜರ್ಮನ್ ಚಿತ್ರಕಾರನೊಬ್ಬನು ಈ ಹುಡುಗನಿಗೆ ಪ್ರಾಣಿಗಳ ಅಚ್ಚುಚಿತ್ರಗಳನ್ನು ತೋರಿಸಿದನು. ಅಂದಿನಿಂದ ಹುಡುಗನಿಗೆ ಕಾಗದದ ಹಂಬಲ ಹತ್ತಿತು. ಬಡಗಿಯಾದ ತಂದೆಗೆ ಮರವೊಂದೇ ಬೆಲೆಯುಳ್ಳ ವಸ್ತು. ಕಾಗದದ ಬದಲು ಮರದ ತುಂಡುಗಳನ್ನೇ ಕೊಟ್ಟನು. ಹುಡುಗನು ಅದರಲ್ಲಿಯೇ ಕುರಿ ಮೇಕೆಗಳನ್ನು ಕೆತ್ತಿದನು. ಕಾಗದದ ಕಾರ್ಖಾನೆಯ ಅಂಗಳದಲ್ಲಿ ಬೆಳೆದ ಹುಡುಗನಿಗೆ ಕಾಗದವೇ ದುರ್ಲಭವಾದುದು ವಿಚಿತ್ರವಲ್ಲವೇ?

ಎಂಟು ಹತ್ತು ವರ್ಷದ ವಯಸ್ಸಿನಲ್ಲಿ ಆತನನ್ನು ನಾಯ್‌ಹೋಫ್ ಎಂಬಲ್ಲಿಯ ಬಡಮಕ್ಕಳ ಶಾಲೆಗೆ ಸೇರಿಸಿದರು. ಅದನ್ನು ನಡೆಸುತ್ತಿದ್ದವರು ಅಧ್ಯಾಪಕರೆಲ್ಲರೂ ತರಬೇತಿಯ ಕಾಲದಲ್ಲಿ ಓದುವ ಮಹಾಶಿಕ್ಷಕ ಪೆಸ್ಟಲಾಟ್ಸಿಯವರು. ಅಲ್ಲಿ ಮಕ್ಕಳು ಹತ್ತಿಯನ್ನು ನೂಲುತ್ತ ಪಾಠ ಕಲಿಯುತ್ತಿದ್ದರು. ತಮ್ಮ ಮಕ್ಕಳ ವಿಷಯವಾಗಿ ಪೆಸ್ಟಲಾಟ್ಸಿಯವರು ಸಿದ್ಧಪಡಿಸಿದ ವರದಿಯಲ್ಲಿ ಮಿಂಡನ ಹೆಸರೂ ಇದೆ. ಕಠಿನವಾದ ದುಡಿಮೆಗೆ ಇವನು ತಕ್ಕವನಲ್ಲ, ಸ್ವಭಾವದಲ್ಲಿ ವಿಲಕ್ಷಣತೆಯಿದೆ, ಚಿತ್ರ ಬರೆಯುವ ಶಕ್ತಿಯು ಮಾತ್ರ ತುಂಬಿಕೊಂಡಿದೆ ಎಂಬುದು ಅದರ ತಾತ್ಪರ್ಯ. ಒಬ್ಬ ಶಿಕ್ಷಕನು ವಿದ್ಯಾರ್ಥಿಯ ವಿಷಯವಾಗಿ ಬರೆದ ವರದಿಗಳಲ್ಲಿ ಇಷ್ಟು ನಿಜವಾದುದನ್ನು ನಾವು ಹೆಚ್ಚಾಗಿ ಕಂಡಿಲ್ಲ.

೧೭೮೦ರ ಸುಮಾರಿಗೆ ಬರ್ನಿನ ಚಿತ್ರಕಾರ ಫ್ರಾಯ್ಡೆನ್‌ಬರ್ಗರನು ಈ ಹುಡುಗನನ್ನು ಶಿಷ್ಯನನ್ನಾಗಿ ತೆಗೆದುಕೊಂಡನು. ಹಳ್ಳಿಯ ಬಾಳಿನ ದೃಶ್ಯಗಳನ್ನು ತಾಮ್ರದ ತಗಡಿನಲ್ಲಿ ಕೊರೆದು, ಅಚ್ಚು ಹಾಕಿ, ಒಂದೊಂದು ಪ್ರತಿಗೂ ಕೈಯಿಂದ ಬಣ್ಣ ತುಂಬಿ ಮಾರುವುದು ಆತನ ವೃತ್ತಿ. ಬಣ್ಣ ತುಂಬುವ ಕೆಲಸವು ಮಿಂಡನ ಪಾಲಿಗೆ ಬಂದಿತು. ಅದೇ ಗೆರೆ, ಅದೇ ಬಣ್ಣ, ನೂರಾರು ಸಲ. ಬೇರೆಯವರಿಗೆ ಬೇಸರ ಬರುವ ಈ ದುಡಿಮೆಯಲ್ಲಿಯೇ ಅವನ ಒರಟು ಕೈಗೆ ಕುಂಚದ ಹದವು ಒಲಿಯಿತೆಂದು ನಾವು ಊಹಿಸುತ್ತೇವೆ. ಒಂದು ದಿನ ಗುರುವು ರೈತನೊಬ್ಬನ ಮನೆಯಂಗಳವನ್ನು ಚಿತ್ರಿಸುತ್ತ ಅದರಲ್ಲೊಂದು ಬೆಕ್ಕನ್ನು ಬರೆದನು. ಅದು ಬೆಕ್ಕೇ ಅಲ್ಲವೆಂದು ಮಿಂಡನು ಸಹಜವಾಗಿ ಹೇಳಿಬಿಟ್ಟನು. ಹಾಗಾದರೆ ನೀನೇ ಬರೆ ಎಂದು ಗುರುವು ನಗುತ್ತ ಕಾಗದವನ್ನು ಕೊಟ್ಟನು. ಹುಡುಗನು ಮೂಲೆಗೆ ಹೋಗಿ ಬರೆದು ತಂದ ಬೆಕ್ಕನ್ನು ನೋಡಿ, ಗುರುವು ತನ್ನ ಚಿತ್ರಕ್ಕೆ ಅದನ್ನೇ ನಕಲು ಮಾಡಿಕೊಂಡನಂತೆ. ಆ ಗುರುವಿನ ದೊಡ್ಡತನವನ್ನೂ ನಾವು ಮರೆಯಬಾರದು.

ಮಿಂಡನು ಚಿತ್ರ ಬರೆಯುವ ಕ್ರಮವೇ ಬೇರೆ. ಪ್ರಾಣಿಯನ್ನು ಎದುರಿಗೆ ನಿಲ್ಲಿಸಿಕೊಂಡು ನೋಡಿ ಬರೆಯುವುದು ಅವನ ಪದ್ಧತಿಯಲ್ಲ. ಮೊದಲು ಕಣ್ಣು ಕೀಲಿಸಿ ನೋಡುವನು; ಆಗ ಬೇರೆ ಯಾವ ಮಾತೂ ಅವನಿಗೆ ಬೇಡ. ಅನಂತರ ಮನೆಗೆ ಬಂದು ಕುಳಿತಾಗ ಕಂಡುದೆಲ್ಲವೂ ಕೈಯಿಂದ ಇಳಿದು ಬರುತ್ತಿತ್ತು. ಮರಿಗಳಿಗೆ ಹಾಲೂಡಿಸುವ ತಾಯಿ, ಮೈ ನೆಕ್ಕಿಕೊಳ್ಳುವ ಬೆಕ್ಕು, ಬಾಲದೊಡನೆ ಆಡುವ ಮರಿ, ನಿದ್ದೆಯ ಸುತ್ತು, ಹೀಗೆ ಒಂದೊಂದರಲ್ಲಿಯೂ ಬೆನ್ನಿನ ಬಾಗು, ಕಿವಿಯ ಓರೆ, ರೋಮದ ಮೃದುತ್ವಗಳು ಬೇರೆ ಬೇರೆ. ಜಲವರ್ಣದಲ್ಲಿ ಒಮ್ಮೆ ಹರಿದ ಬಣ್ಣವನ್ನು ಅಳಿಸಿ ತಿದ್ದುವುದು ಕಷ್ಟ; ಬರೆಯುವ ಮೊದಲೇ ಆಕೃತಿಯು ಮನಸ್ಸಿನಲ್ಲಿ ಪೂರ್ಣವಾಗಿರಬೇಕು. ಮಿಂಡನ ನೆನಪಿಗೂ ಈ ಮಾಧ್ಯಮಕ್ಕೂ ಇದ್ದ ನಂಟು ಅದೇ ಇರಬೇಕು. ಕೆಲಸದ ಮೇಜಿನ ಬಳಿ ಬೆಕ್ಕುಗಳು ಸುತ್ತಲೂ ಕುಳಿತಿರುತ್ತಿದ್ದವು, ಒಂದೆರಡು ಹೆಗಲ ಮೇಲೂ ಏರುತ್ತಿದ್ದವು. ಅವುಗಳ ನಿದ್ದೆ ಕೆಡಬಾರದೆಂದು ಆತನು ಬಹಳ ಹೊತ್ತು ಅಲುಗಾಡದೆ ಇರುತ್ತಿದ್ದನಂತೆ. ಮನುಷ್ಯರು ಬಂದರೆ ಮುಖ ಗಂಟಿಕ್ಕುತ್ತಿದ್ದವನು ಬೆಕ್ಕುಗಳೊಡನೆ ಕೋಮಲವಾಗಿ ಮಾತನಾಡುತ್ತಿದ್ದನು.

ಬರ್ನ್ ನಗರದವರು ಆಳವಾದ ಗುಂಡಿಯಲ್ಲಿ ಕರಡಿಗಳನ್ನು ಸಾಕುವುದು ಹಿಂದಿನಿಂದ ನಡೆದುಬಂದ ರೂಢಿಯಾಗಿತ್ತು. ಮಿಂಡನು ರೊಟ್ಟಿ, ಸೇಬುಗಳನ್ನು ಕಿಸೆಯಲ್ಲಿಟ್ಟುಕೊಂಡು ಅಲ್ಲಿಗೆ ಹೋಗುವನು. ಅವನನ್ನು ಕಂಡರೆ ಕರಡಿಗಳು ಹತ್ತಿರ ಬರುತ್ತಿದ್ದವು. ನಮ್ಮ ಬೊರಿವಲಿಯ ರಾಷ್ಟ್ರೀಯ ಉದ್ಯಾನದಲ್ಲಿ ಹುಲಿ ಸಿಂಹಗಳನ್ನು ವಾಹನದ ಕಿಟಕಿಯಿಂದ ಕಂಡು ಬಂದ ಮಕ್ಕಳು ಮರುದಿನ ತರಗತಿಯಲ್ಲಿ ಅವುಗಳ ಚಿತ್ರ ಬರೆಯುತ್ತಾರೆ. ಎಲ್ಲ ಹುಲಿಗಳೂ ಪುಸ್ತಕದ ಹುಲಿಗಳೇ ಆಗಿರುತ್ತವೆ. ಎಲ್ಲೋ ಒಂದು ಮಗು ಮಾತ್ರ ತಾನು ಕಂಡ ಆ ಹುಲಿಯನ್ನೇ ಬರೆಯುತ್ತದೆ. ಅದು ಅನೇಕ ವೇಳೆ ಕರೆದರೆ ಓಗೊಡದ, ಮಗ್ಗಿ ಬಾರದ, ಕೊನೆಯ ಬೆಂಚಿನ ಮಗು.

ಇಂಥವರಿಗೆ ಮಿಂಡನ ಕಾಲದಲ್ಲಿದ್ದ ಹೆಸರು ಬುದ್ಧಿಮಾಂದ್ಯನೆಂಬುದೊಂದೇ. ೧೯೪೩ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು ಆಟಿಸಮ್ ಎಂಬ ಸ್ಥಿತಿಯನ್ನು ವಿವರಿಸಿದ ಮೇಲೆ, ಮಿಂಡನೂ ಅಂಥವನೇ ಆಗಿದ್ದನೆಂದು ಈಗಿನ ಕೆಲವು ವಿದ್ವಾಂಸರು ಎಣಿಸುತ್ತಾರೆ. ಎರಡು ಶತಮಾನಗಳ ಹಿಂದೆ ಗತಿಸಿದವನಿಗೆ ನಾವು ವೈದ್ಯರ ಪ್ರಮಾಣಪತ್ರವನ್ನು ಕೊಡಲಾರೆವು. ಆದರೆ ಅಂಕಪಟ್ಟಿಯಲ್ಲಿ ನೋಡುವುದೆಂಬ ವಿಷಯಕ್ಕೆ ಒಂದು ಸಾಲು ಇದ್ದಿದ್ದರೆ ಅವನು ಯಾವ ಶಾಲೆಯಲ್ಲಿಯೂ ಮೊದಲಿಗನಾಗುತ್ತಿದ್ದನು. ಪ್ರಸಿದ್ಧರ ಚಿತ್ರಗಳಲ್ಲಿನ ಪ್ರಾಣಿಗಳ ತಪ್ಪುಗಳನ್ನು ಆತನು ದಾಕ್ಷಿಣ್ಯವಿಲ್ಲದೆ ಎತ್ತಿ ತೋರಿಸುತ್ತಿದ್ದನೆಂದು ಬಲ್ಲವರು ಬರೆದಿದ್ದಾರೆ.

ಗುರುವು ೧೮೦೧ರಲ್ಲಿ ತೀರಿಕೊಂಡನು. ಮಿಂಡನು ಗುರುಪತ್ನಿಯ ಆಶ್ರಯದಲ್ಲಿ ಅದೇ ಮನೆಯಲ್ಲಿ, ಅದೇ ದುಡಿಮೆಯಲ್ಲಿ ಉಳಿದನು. ಕೀರ್ತಿಯು ಹಬ್ಬಿತು, ಪರದೇಶದ ಪ್ರವಾಸಿಗಳೂ ಅವನ ಬೆಕ್ಕುಗಳನ್ನು ಕೊಳ್ಳತೊಡಗಿದರು. ಅವನ ದಿನಚರಿಯು ಮಾತ್ರ ಬದಲಾಗಲಿಲ್ಲ. ಚಳಿಗಾಲದ ಸಂಜೆಗಳಲ್ಲಿ ಚೆಸ್ಟ್‌ನಟ್ ಕಾಯಿಗಳಲ್ಲಿ ಪುಟ್ಟ ಕರಡಿಗಳನ್ನು ಕೆತ್ತುತ್ತ ಕುಳಿತಿರುತ್ತಿದ್ದನು.

೧೮೦೯ರಲ್ಲಿ ಬರ್ನಿನ ಬೆಕ್ಕುಗಳಿಗೆ ಹುಚ್ಚು ರೋಗ ಹತ್ತಿತೆಂಬ ಭಯದಿಂದ ಅಧಿಕಾರಿಗಳು ಸುಮಾರು ೮೦೦ ಬೆಕ್ಕುಗಳನ್ನು ಕೊಲ್ಲಿಸಿದರು. ಮಿಂಡನು ತನ್ನ ಪ್ರೀತಿಯ ಮಿನೆಟ್ ಎಂಬ ಬೆಕ್ಕನ್ನು ಬಚ್ಚಿಟ್ಟು ಉಳಿಸಿಕೊಂಡನು. ಉಳಿದವುಗಳ ದುಃಖವು ಅವನನ್ನು ಕೊನೆಯವರೆಗೂ ಬಿಡಲಿಲ್ಲ. ಎದೆಯಲ್ಲಿ ನೀರು ತುಂಬುವ ಕಾಯಿಲೆಯಿಂದ ನರಳಿ ೧೮೧೪ರ ನವೆಂಬರ್ ೧೭ರಂದು, ತನ್ನ ೪೬ನೆಯ ವಯಸ್ಸಿನಲ್ಲಿ, ಅದೇ ಬರ್ನ್ ನಗರದಲ್ಲಿ ಆತನು ಕಾಲವಾದನು. ಅವನ ಬೆಕ್ಕುಗಳು ಆಮೇಲೆ ಕಲ್ಲಚ್ಚಿನಲ್ಲಿ ಮುದ್ರಿತವಾಗಿ, ಅವನು ಎಂದೂ ಕಾಣದ ಊರುಗಳಿಗೆ ಹೋದವು.