ಆಟ ಕಟ್ಟಿದವರ ಲೆಕ್ಕ: ಗ್ಯಾರಿ ಗೈಗ್ಯಾಕ್ಸ್

ನಮ್ಮ ದ್ವಿತೀಯ ಪಿಯುಸಿ ಲೆಕ್ಕಶಾಸ್ತ್ರದಲ್ಲಿ ಪಾಲುದಾರನ ಮರಣ ಎಂಬ ಅಧ್ಯಾಯ ಇದೆ. ಎ, ಬಿ, ಸಿ ಪಾಲುದಾರರು. ಸಿ ತೀರಿಕೊಳ್ಳುತ್ತಾನೆ. ನಾವು ಅವನ ಬಂಡವಾಳ ಖಾತೆ ಬರೆದು ಅಂಕ ಪಡೆಯುತ್ತೇವೆ. ಆ ಸಿ ಯಾರು, ಅವನು ಸತ್ತ ಮೇಲೆ ಎ ಗತಿ ಏನಾಯಿತು ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ. ನನಗಿಷ್ಟವಾದ ಒಂದು ಆಟವನ್ನು ಕಟ್ಟಿದವರ ಬದುಕನ್ನು ಓದಿದ ಮೇಲೆ ಆ ಅಧ್ಯಾಯ ನಿಜವಾಗಿ ಅರ್ಥವಾಯಿತು.

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಸ್ಟ್ರೇಂಜರ್ ಥಿಂಗ್ಸ್‌ನಲ್ಲಿ ಹುಡುಗರು ಮೇಜಿನ ಸುತ್ತ ಕೂತು ಆಡುವುದು ಇದನ್ನೇ. ಒಬ್ಬರು ಕಥೆ ಹೇಳುತ್ತಾರೆ. ಉಳಿದವರು ಯೋಧ, ಮಾಂತ್ರಿಕ, ಕಳ್ಳ ಹೀಗೆ ಒಂದೊಂದು ಪಾತ್ರವಾಗುತ್ತಾರೆ. ಮುಂದೆ ಏನು ಮಾಡುತ್ತೀರಿ ಎಂದು ಕಥೆ ಹೇಳುವವರು ಕೇಳುತ್ತಾರೆ. ನಾವು ಹೇಳಿದ್ದು ನಡೆಯುತ್ತದೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಎಂಟನೇ ತರಗತಿಯಿಂದ ನಾನು ಕಸಿನ್‌ಗಳ ಜೊತೆ ಇದನ್ನು ಉರ್ದುವಿನಲ್ಲಿ ಆಡುತ್ತಿದ್ದೇನೆ. ದಾಳ ಕಂಡರೆ ಅಮ್ಮಿ ಜೂಜು ಎನ್ನುತ್ತಾರೆ. ಅದಕ್ಕೆ ನಾವು ಒಂದರಿಂದ ಇಪ್ಪತ್ತರವರೆಗೆ ಚೀಟಿ ಬರೆದು, ಬಿಸ್ಕತ್ ಡಬ್ಬಿಗೆ ಹಾಕಿ ಎತ್ತುತ್ತೇವೆ.

ಗ್ಯಾರಿ ಗೈಗ್ಯಾಕ್ಸ್ 1938ರ ಜುಲೈ 27ರಂದು ಅಮೆರಿಕದ ಶಿಕಾಗೋದಲ್ಲಿ ಹುಟ್ಟಿದರು. ತಂದೆ ಸ್ವಿಟ್ಜರ್ಲೆಂಡಿನಿಂದ ವಲಸೆ ಬಂದ ಪಿಟೀಲು ವಾದಕರು. 1946ರಲ್ಲಿ ಕುಟುಂಬ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿಗೆ ಬಂತು. ಚೆಸ್ ಆಟ ಮತ್ತು ಸಾಹಸ ಕಥೆಗಳ ಹುಚ್ಚು ಅವರಿಗೆ ಚಿಕ್ಕಂದಿನಲ್ಲೇ ಹಿಡಿಯಿತು. ಹೈಸ್ಕೂಲು ಮುಗಿಸಲಿಲ್ಲ. ಮುಂದೆ ಶಿಕಾಗೋದ ವಿಮಾ ಕಂಪನಿಯೊಂದರಲ್ಲಿ ಅಂಡರ್‌ರೈಟರ್ ಆದರು. ಯಾರಿಗೆ ಎಷ್ಟು ಅಪಾಯವಿದೆ ಎಂದು ಅಂದಾಜು ಮಾಡುವುದು ಆ ಕೆಲಸ. ಅವರ ಆಟದ ಪುಸ್ತಕಗಳ ತುಂಬ ಕೋಷ್ಟಕಗಳೇ ಇರುವುದು ಇದರಿಂದಲೇ ಇರಬೇಕು ಎಂದು ನನಗನಿಸುತ್ತದೆ.

ರಜೆಯಲ್ಲೆಲ್ಲ ಗೆಳೆಯರ ಜೊತೆ ಗೊಂಬೆ ಸೈನಿಕರನ್ನಿಟ್ಟು ಯುದ್ಧದ ಆಟ. 1968ರಲ್ಲಿ ಊರಿನ ಹಾರ್ಟಿಕಲ್ಚರಲ್ ಹಾಲನ್ನು 50 ಡಾಲರಿಗೆ ಬಾಡಿಗೆ ಪಡೆದು ಆಟಗಾರರ ಸಮಾವೇಶ ಮಾಡಿದರು. ಜೆನ್ ಕಾನ್ ಎಂಬ ಹೆಸರಿನ ಆ ಸಮಾವೇಶ ಇಂದಿಗೂ ಪ್ರತಿವರ್ಷ ನಡೆಯುತ್ತಿದೆ. ಶಾಲಾ ಸಾಮಗ್ರಿಗಳ ಕ್ಯಾಟಲಾಗ್ ಒಂದರಲ್ಲಿ ಅವರಿಗೆ ಇಪ್ಪತ್ತು ಮುಖದ ದಾಳ ಸಿಕ್ಕಿತು. ಇಂದು ಈ ಆಟದ ಗುರುತೇ ಆ ದಾಳ.

1970ರಲ್ಲಿ ಅವರ ಕೆಲಸ ಹೋಯಿತು. ಐದು ಮಕ್ಕಳ ತಂದೆ. ಮನೆಯ ನೆಲಮಾಳಿಗೆಯಲ್ಲಿ ಚಪ್ಪಲಿ, ಬೂಟು ರಿಪೇರಿ ಮಾಡಿ ಸಂಸಾರ ನಡೆಸಿದರು. ಆದರೂ ಆಟಗಳ ನಿಯಮ ಬರೆಯುವುದನ್ನು ಬಿಡಲಿಲ್ಲ. 1972ರಲ್ಲಿ ಡೇವ್ ಅರ್ನೆಸನ್ ಎಂಬ ಯುವಕ ಮಿನ್ನೆಸೋಟಾದಿಂದ ಬಂದು ತಾನು ನಡೆಸುತ್ತಿದ್ದ ಹೊಸ ಬಗೆಯ ಆಟವನ್ನು ತೋರಿಸಿದರು. ಅದರಲ್ಲಿ ಪ್ರತಿಯೊಬ್ಬ ಆಟಗಾರನೂ ಸೈನ್ಯವನ್ನಲ್ಲ, ಒಂದೇ ಒಂದು ಪಾತ್ರವನ್ನು ನಡೆಸುತ್ತಾನೆ. ಗೈಗ್ಯಾಕ್ಸ್ ಅದನ್ನು ಬೆಳೆಸಿ, ನಿಯಮ ಬರೆದು, ಮೊದಲು ತಮ್ಮ ಮಗ ಮತ್ತು ಮಗಳಿಗೆ ಆಡಿಸಿದರು.

ಪ್ರಕಟಿಸಲು ದುಡ್ಡಿರಲಿಲ್ಲ. 1973ರಲ್ಲಿ ಬಾಲ್ಯದ ಗೆಳೆಯ ಡಾನ್ ಕೇ ಜೊತೆ ಟಿಎಸ್‌ಆರ್ ಎಂಬ ಪಾಲುದಾರಿಕೆ ಸಂಸ್ಥೆ ತೆರೆದರು. ಕೇ ತಮ್ಮ ಜೀವವಿಮೆಯ ಮೇಲೆ ಸಾಲ ಮಾಡಿ ಪಾಲು ಹಾಕಿದರು. ಅದೂ ಸಾಲದೆ ಬ್ರಯಾನ್ ಬ್ಲೂಮ್ 2000 ಡಾಲರ್ ತಂದು ಮೂರನೆಯ ಪಾಲುದಾರರಾದರು. 1974ರಲ್ಲಿ 1000 ಪ್ರತಿ ಅಚ್ಚಾದವು. ಬೆಲೆ 10 ಡಾಲರ್. ಒಂದು ವರ್ಷದೊಳಗೆ ಎಲ್ಲ ಖರ್ಚಾದವು.

1975ರ ಜನವರಿಯಲ್ಲಿ ಡಾನ್ ಕೇ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು ಕೇವಲ 36. ಅವರ ಪಾಲು ಏನಾಗಬೇಕೆಂದು ಯಾರೂ ಬರೆದಿಟ್ಟಿರಲಿಲ್ಲ. ಅದು ಹೆಂಡತಿಗೆ ಹೋಯಿತು. ಅದನ್ನು ಕೊಳ್ಳುವ ಹಣ ಗೈಗ್ಯಾಕ್ಸ್ ಬಳಿ ಇರಲಿಲ್ಲ. ಬ್ಲೂಮ್ ಮನೆಯವರ ಹಣದಿಂದ ಹೊಸ ಕಂಪನಿ ಆಯಿತು, ಷೇರುಗಳೂ ಅವರ ಕಡೆಯೇ ಹೆಚ್ಚಾದವು. ಗೈಗ್ಯಾಕ್ಸ್‌ಗೆ ಉಳಿದದ್ದು ಶೇಕಡಾ 35ರಷ್ಟು. ಆಟ ಲಕ್ಷಾಂತರ ಜನರನ್ನು ತಲುಪಿತು. ಆದರೆ 1985ರಲ್ಲಿ, ಬ್ಲೂಮ್ ಕುಟುಂಬದ ಷೇರುಗಳು ಬೇರೆಯವರ ಕೈಸೇರಿದಾಗ, ತಾವೇ ಹುಟ್ಟುಹಾಕಿದ ಕಂಪನಿಯ ಅಧ್ಯಕ್ಷ ಸ್ಥಾನದಿಂದ ಅವರು ಇಳಿಯಬೇಕಾಯಿತು. ಕೋರ್ಟಿಗೆ ಹೋದರು, ಸೋತರು.

ಅವರನ್ನು ಬರೀ ಮೋಸಹೋದವರು ಎಂದು ಬರೆದರೆ ನಾನು ಅರ್ಧ ಲೆಕ್ಕ ಬರೆದಂತೆ. ಮೂಲ ಕಲ್ಪನೆ ತಂದ ಅರ್ನೆಸನ್ ಹೆಸರನ್ನು ಆಟದ ಮುಂದಿನ ಆವೃತ್ತಿಯಲ್ಲಿ ಕೈಬಿಟ್ಟು, ಗೌರವಧನವನ್ನೂ ಕೊಡಲಿಲ್ಲ. ಅರ್ನೆಸನ್ 1979ರಲ್ಲಿ ದಾವೆ ಹೂಡಿದರು. 1981ರಲ್ಲಿ ರಾಜಿಯಾಗಿ ಇಬ್ಬರೂ ಸಹಕರ್ತರು ಎಂದಾಯಿತು. ಬರೆದಿಡದ ಮಾತು ಒಮ್ಮೆ ಇವರನ್ನು ಸುಟ್ಟಿತು, ಒಮ್ಮೆ ಇವರಿಂದ ಇನ್ನೊಬ್ಬರು ಸುಟ್ಟುಕೊಂಡರು.

ಕಂಪನಿ ಹೋದರೂ ಗೈಗ್ಯಾಕ್ಸ್ ಬರೆಯುವುದನ್ನು, ಆಡುವುದನ್ನು ನಿಲ್ಲಿಸಲಿಲ್ಲ. ಅದೇ ಲೇಕ್ ಜಿನೀವಾದಲ್ಲಿ 2008ರ ಮಾರ್ಚ್ 4ರಂದು ತೀರಿಕೊಂಡರು. ಅವರನ್ನು ಇಳಿಸಿದ ಟಿಎಸ್‌ಆರ್ 1997ರಲ್ಲೇ ಸಾಲದಲ್ಲಿ ಮುಳುಗಿ ಮಾರಾಟವಾಗಿತ್ತು. ಆಟ ಮಾತ್ರ ಇವತ್ತಿಗೂ ಇದೆ, ನಮ್ಮ ಬಿಸ್ಕತ್ ಡಬ್ಬಿಯಲ್ಲೂ ಇದೆ.

ನನ್ನ ಅಬ್ಬಾ ಮತ್ತು ನಾವು ಚಾಚಾ ಎಂದು ಕರೆಯುವ ಅವರ ಗೆಳೆಯರು ಹದಿನಾಲ್ಕು ವರ್ಷದಿಂದ ಒಂದು ಹಾರ್ಡ್‌ವೇರ್ ಅಂಗಡಿ ನಡೆಸುತ್ತಿದ್ದಾರೆ. ಕರಾರು ಪತ್ರ ಇಲ್ಲ. ಬೇರೆ ಕರಾರು ಇಲ್ಲದಿದ್ದರೆ ಪಾಲುದಾರನ ಸಾವಿನೊಂದಿಗೆ ಸಂಸ್ಥೆ ವಿಸರ್ಜನೆಯಾಗುತ್ತದೆ ಎಂದು ನಮ್ಮ 1932ರ ಕಾಯಿದೆ ಹೇಳುತ್ತದೆ. ಒಂದು ರಾತ್ರಿ ಊಟದ ಹೊತ್ತಿಗೆ ಡಾನ್ ಕೇ ಕಥೆಯನ್ನು ಅಬ್ಬಾಗೆ ಹೇಳಿದೆ. ದೋಸ್ತಿಯ ಮಧ್ಯೆ ಕಾಗದ ಯಾಕೆ ಎಂದು ಅವರು ನಕ್ಕರು. ಅವರಿಬ್ಬರದೂ ದೋಸ್ತಿಯೇ ಆಗಿತ್ತು ಎಂದೆ. ಅಬ್ಬಾ ಸುಮ್ಮನಾದರು.

ಎರಡು ದಿನ ಬಿಟ್ಟು, ಅಂಗಡಿಗೆ ಹೊರಡುವಾಗ, ಪಾಲುದಾರಿಕೆ ಪತ್ರಕ್ಕೆ ಎಷ್ಟು ರೂಪಾಯಿಯ ಸ್ಟಾಂಪ್ ಪೇಪರ್ ಬೇಕಾಗುತ್ತದೆ, ನಿಮ್ಮ ಕಾಮರ್ಸ್ ಸರ್‌ನ ಕೇಳಿಕೊಂಡು ಬಾ ಎಂದರು.