ಟಸ್ಕೀಗಿಯ ಇಟ್ಟಿಗೆಗಳು

ಬೂಕರ್ ಟಿ. ವಾಷಿಂಗ್ಟನ್ನನು 1856ರಲ್ಲಿ ಅಮೆರಿಕದ ವರ್ಜೀನಿಯಾ ರಾಜ್ಯದ ಹೊಗೆಸೊಪ್ಪಿನ ತೋಟವೊಂದರಲ್ಲಿ ಗುಲಾಮಳೊಬ್ಬಳ ಮಗನಾಗಿ ಜನಿಸಿದನು. 1861ರಲ್ಲಿ ತೋಟದ ಒಡೆಯನು ತೀರಿಕೊಂಡಾಗ ಸಿದ್ಧಪಡಿಸಿದ ಆಸ್ತಿಯ ಪಟ್ಟಿಯಲ್ಲಿ ದನಕರುಗಳ ಜೊತೆಗೆ ಬಾಲಕ ಬೂಕರನ ಹೆಸರೂ ಸೇರಿತ್ತು. ಬೆಲೆ 400 ಡಾಲರು. ಗುಲಾಮರಿಗೆ ಅಕ್ಷರ ಕಲಿಸುವುದು ಅಲ್ಲಿ ಕಾನೂನಿಗೆ ವಿರುದ್ಧವಾಗಿತ್ತು. ಒಡೆಯರ ಮನೆಯ ಹುಡುಗಿಯ ಪುಸ್ತಕಗಳನ್ನು ಹೊತ್ತು ಅವನು ಶಾಲೆಯ ಬಾಗಿಲವರೆಗೆ ಹೋಗುತ್ತಿದ್ದನು, ಅಲ್ಲಿಂದಲೇ ಹಿಂದಿರುಗುತ್ತಿದ್ದನು.

1865ರಲ್ಲಿ ಬಿಡುಗಡೆ ದೊರೆಯಿತು. ಉಪ್ಪಿನ ಭಟ್ಟಿಯಲ್ಲಿಯೂ ಕಲ್ಲಿದ್ದಲ ಗಣಿಯಲ್ಲಿಯೂ ದುಡಿದ ಹುಡುಗನು 1872ರಲ್ಲಿ ಸುಮಾರು 500 ಮೈಲಿ ದೂರದ ಹ್ಯಾಂಪ್ಟನ್ ವಿದ್ಯಾಲಯಕ್ಕೆ ಹೊರಟನು. ಕೊಳೆಯಾದ ಬಟ್ಟೆಯಲ್ಲಿ ಬಂದು ನಿಂತ ಅವನಿಗೆ ಅಧ್ಯಾಪಕಿಯು ಕೋಣೆಯೊಂದನ್ನು ಗುಡಿಸಲು ಹೇಳಿದಳು. ಅವನು ಮೂರು ಸಲ ಗುಡಿಸಿ, ನಾಲ್ಕು ಸಲ ಧೂಳು ಒರೆಸಿದನು. ಅದೇ ಅವನ ಪ್ರವೇಶ ಪರೀಕ್ಷೆ. ನಮ್ಮ ಕಾಲದ ಪರೀಕ್ಷೆಗಳಲ್ಲಿ ಇಂಥ ಪ್ರಶ್ನೆ ಬರುವುದಿಲ್ಲ!

1881ರಲ್ಲಿ ಅಲಬಾಮಾ ರಾಜ್ಯದ ಟಸ್ಕೀಗಿ ಎಂಬ ಚಿಕ್ಕ ಊರಿನವರು ಕಪ್ಪು ಜನರ ಶಾಲೆಗೆ ಮುಖ್ಯಸ್ಥನೊಬ್ಬನನ್ನು ಕಳುಹಿಸಬೇಕೆಂದು ಹ್ಯಾಂಪ್ಟನ್ನಿಗೆ ಬರೆದರು. ಹಾಗೆ ಮುಂದಾದವರಲ್ಲಿ ಲೂಯಿಸ್ ಆಡಮ್ಸ್ ಹಿಂದೆ ಗುಲಾಮನಾಗಿದ್ದ ತಗಡಿನ ಕೆಲಸಗಾರ. ಜಾರ್ಜ್ ಕ್ಯಾಂಪ್‌ಬೆಲ್ ಹಿಂದೆ ಗುಲಾಮರನ್ನು ಇಟ್ಟುಕೊಂಡಿದ್ದ ಒಡೆಯ. ಬೂಕರನು ಬಂದು ನೋಡಿದಾಗ ಅಧ್ಯಾಪಕರ ಸಂಬಳಕ್ಕೆಂದು ಸರಕಾರ ಮಂಜೂರು ಮಾಡಿದ್ದ ವರ್ಷಕ್ಕೆ 2,000 ಡಾಲರಿನ ಹೊರತು ನಿವೇಶನವಾಗಲಿ ಕಟ್ಟಡವಾಗಲಿ ಇರಲಿಲ್ಲ. ಜುಲೈ 4ರಂದು 30 ವಿದ್ಯಾರ್ಥಿಗಳೊಂದಿಗೆ ಚರ್ಚಿನ ಬಳಿಯ ಮುರುಕು ಗುಡಿಸಲಿನಲ್ಲಿ ಪಾಠ ಆರಂಭವಾಯಿತು. ಮಳೆ ಬಂದರೆ ಒಬ್ಬ ಹುಡುಗನು ಓದು ನಿಲ್ಲಿಸಿ ಗುರುವಿನ ತಲೆಗೆ ಕೊಡೆ ಹಿಡಿಯುತ್ತಿದ್ದನು.

ಬೇಗನೆ 500 ಡಾಲರಿಗೆ 100 ಎಕರೆಯ ಪಾಳುತೋಟವೊಂದನ್ನು ಕೊಂಡದ್ದಾಯಿತು. ಕಟ್ಟಡಕ್ಕೆ ಇಟ್ಟಿಗೆ ಬೇಕು. ಊರಿನಲ್ಲಿ ಇಟ್ಟಿಗೆಗೂಡು ಇರಲಿಲ್ಲ. ಗುರುಶಿಷ್ಯರು ಮೊಣಕಾಲುದ್ದ ಕೆಸರಿಗಿಳಿದರು. ಓದಿದವರು ಮಣ್ಣು ತುಳಿಯುವುದೇ ಎಂದು ಬೇಸತ್ತು ಕೆಲವರು ಶಾಲೆಯನ್ನೇ ಬಿಟ್ಟರು. ಅವರನ್ನು ದೂಷಿಸಲಾಗದು, ಗುಲಾಮಗಿರಿಯಲ್ಲಿ ಅವರ ಹಿರಿಯರು ಮಾಡಿದ್ದೂ ಮಣ್ಣಿನ ಕೆಲಸವನ್ನೇ. ಮೊದಲ ಗೂಡು ಕೆಟ್ಟಿತು, ಎರಡನೆಯದೂ ಕೆಟ್ಟಿತು. ಮೂರನೆಯದು ಇನ್ನೇನು ಬೆಂದಿತೆನ್ನುವಾಗ ನಡುರಾತ್ರಿಯಲ್ಲಿ ಕುಸಿಯಿತು. ಕೈಯಲ್ಲಿ ಕಾಸಿಲ್ಲ. ಬೂಕರನು ಮಾಂಟ್‌ಗೊಮರಿ ನಗರಕ್ಕೆ ಹೋಗಿ ತನ್ನ ಗಡಿಯಾರವನ್ನು 15 ಡಾಲರಿಗೆ ಒತ್ತೆಯಿಟ್ಟು ಬಂದನು. ನಾಲ್ಕನೆಯ ಗೂಡು ಚೆನ್ನಾಗಿ ಬೆಂದಿತು. ಗಡಿಯಾರವನ್ನು ಬಿಡಿಸಿಕೊಳ್ಳಲು ಮಾತ್ರ ಆಗಲೇ ಇಲ್ಲ. ಮುಂದೆ ಬಿಳಿಯರೂ ಆ ಶಾಲೆಯ ಇಟ್ಟಿಗೆ ಕೊಳ್ಳಲು ಬಂದರು.

ಕೈಕಸುಬಿಗೇ ಪ್ರಾಧಾನ್ಯ ಕೊಟ್ಟು, ರಾಜಕೀಯ ಹಕ್ಕುಗಳ ವಿಷಯದಲ್ಲಿ ಅವನು ಬಿಳಿಯರೊಡನೆ ಬಹಳ ರಾಜಿ ಮಾಡಿಕೊಂಡನೆಂದು 1903ರಲ್ಲಿ ಡುಬಾಯ್ಸ್ ಎಂಬ ಕಪ್ಪು ವಿದ್ವಾಂಸನು ಟೀಕಿಸಿದನು. ಆ ಟೀಕೆಯಲ್ಲಿ ಸತ್ಯಾಂಶವಿಲ್ಲದಿಲ್ಲ.

1915ರ ನವೆಂಬರ್ 14ರಂದು ಬೂಕರನು ಟಸ್ಕೀಗಿಯಲ್ಲಿ ನಿಧನಹೊಂದಿದನು. ಆಗ ಶಾಲೆಯಲ್ಲಿ ಸುಮಾರು 1,500 ವಿದ್ಯಾರ್ಥಿಗಳಿದ್ದರು. ನೂರಕ್ಕೂ ಹೆಚ್ಚು ಕಟ್ಟಡಗಳಿದ್ದವು. ಅವುಗಳಲ್ಲಿ ಹಲವನ್ನು ವಿದ್ಯಾರ್ಥಿಗಳೇ ತಾವು ಸುಟ್ಟ ಇಟ್ಟಿಗೆಗಳಿಂದ ಕಟ್ಟಿದ್ದರು. ಅವನ ಸಮಾಧಿಯು ಆ ವಿದ್ಯಾಲಯದ ಆವರಣದಲ್ಲಿಯೇ ಇದೆ.